ತಾಮ್ರ ಅಂದರೆ ಪೂರ್ತಿ ತಾಮ್ರ

ಜೂನ್ 9, 2024, ಆದಿತ್ಯವಾರ, ರಾತ್ರಿ
ಉರ್ವ, ಮಂಗಳೂರು

ನನ್ನ ಕಂಪ್ಯೂಟರನ್ನು ನೀರು ಹರಿಸಿ ತಣ್ಣಗಿಡಲು ಬೇಕಾದ ಸಾಮಾನಿನ ಪಟ್ಟಿ ಇವತ್ತು ಅರ್ಧಕ್ಕರ್ಧ ಬದಲಾಯಿತು. ಬದಲಾಯಿಸಿದ್ದು ಮಾವ. ಕಂಪ್ಯೂಟರನ್ನು ಜನ್ಮದಲ್ಲಿ ಮುಟ್ಟದ, ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಬೋಟಿನ ಇಂಜಿನು ಬಿಚ್ಚಿ ಕಟ್ಟುತ್ತಲೇ ತಲೆ ನರೆತ ನಮ್ಮ ಬೋಳೂರಿನ ಮಾವ.

ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ದಿನ) ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನ್ನ ತಿರುಗಾಟ ಶುರು ಅಂತ ನಿಮಗೆಲ್ಲ ಗೊತ್ತುಂಟು. ಚಳಿಗಾಲದಿಂದ ಕ್ಯಾಮೆರಾದಲ್ಲಿ ಹಿಡಿದ ಯಕ್ಷಗಾನದ ಆಟಗಳೆಲ್ಲ ಹಾರ್ಡ್ ಡಿಸ್ಕಿನಲ್ಲಿ ರಾಶಿ ಬಿದ್ದಿವೆ. ಮೂರು ಕ್ಯಾಮೆರಾ, ಬೆಳಗಿನವರೆಗಿನ ಆಟ, ಎಲ್ಲ 4ಕೆ. ರೆಂಡರ್ (ಎಡಿಟ್ ಆದದ್ದನ್ನು ಕೊನೆಯ ವಿಡಿಯೊ ಮಾಡುವ ಕೆಲಸ) ಹಾಕಿದರೆ ಸಾಕು, ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಬೊಬ್ಬೆ ಹೊಡೆಯಲು ಶುರು ಮಾಡುತ್ತದೆ. ಚೆಂಡೆ ಪೆಟ್ಟು ಬೀಳುವಾಗ ಅದು ಲೆಕ್ಕಕ್ಕೇ ಇಲ್ಲ. ಆದರೆ ಭಾಗವತರು ಮೆಲ್ಲಗೆ ಪದ ಎತ್ತಿಕೊಳ್ಳುವ ಜಾಗ ಉಂಟಲ್ಲ, ಮದ್ದಳೆಯ ಒಂದೊಂದೇ ನುಡಿ, ಹಿಂದೆ ಶ್ರುತಿ ಮಾತ್ರ, ಅಲ್ಲಿ ಈ ಫ್ಯಾನಿನ ಸದ್ದು ಶ್ರುತಿಯ ಮೇಲೆಯೇ ಬಂದು ಕೂರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಎಷ್ಟು ಹೊತ್ತು ಅಂತ ಕೂರುವುದು? ಈ ಸೆಕೆಯಲ್ಲಿ ಕಿವಿಯ ಸುತ್ತ ಬೆವರು ಇಳಿಯುತ್ತದೆ. ಚೆಂಡೆಗೂ ಕಂಠಕ್ಕೂ ಸಮ ಬಂದಿದೆಯಾ ಎಂದು ನೋಡಬೇಕಾದರೆ ಸ್ಪೀಕರಿನಲ್ಲೇ ಕೇಳಬೇಕು. ಅದಕ್ಕೇ ನೀರು.

ರೆಡಿಮೇಡ್ ಲಿಕ್ವಿಡ್ ಕೂಲರ್ ಹಾಕಿಬಿಡು ಎಂದವರಿಗೆಲ್ಲ ಒಂದೇ ಉತ್ತರ: ಅದು ತಣ್ಣಗೆ ಮಾಡುವುದು ಪ್ರೊಸೆಸರನ್ನು. ನನ್ನ ರೈಜನ್ 9 5950ಎಕ್ಸ್ ಎಷ್ಟೇ ದುಡಿದರೂ ಮಾಮೂಲಿ ಸೆಟ್ಟಿಂಗಿನಲ್ಲಿ 142 ವಾಟ್ ದಾಟುವುದಿಲ್ಲ. ಆರ್‌ಟಿಎಕ್ಸ್ 3080 ಕಾರ್ಡು 320 ವಾಟ್ ಎಳೆಯುತ್ತದೆ. ಸದ್ದು ಮಾಡುವವ ಅವನು, ಆದ್ದರಿಂದ ನೀರು ಅವನ ಮೈಮೇಲೂ ಹರಿಯಬೇಕು.

ಮಾವ ಬಂದದ್ದು ಮಧ್ಯಾಹ್ನ ಊಟಕ್ಕೆ. ಟ್ರಾಲಿಂಗ್ (ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಬೋಟುಗಳೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ಒರಗಿ ನಿಂತಿವೆ. ಬೇರೆಯವರಿಗೆ ರಜೆ, ಮಾವನಿಗೆ ಉಸಿರಾಡಲು ಪುರುಸೊತ್ತಿಲ್ಲ. ವರ್ಷದ ರಿಪೇರಿಯೆಲ್ಲ ಈ ಎರಡು ತಿಂಗಳಲ್ಲೇ ಆಗಬೇಕು. ಅಮ್ಮ ಒಣಮೀನಿನ ಚಟ್ನಿ ಮಾಡಿದ್ದರು. ಉಂಡು ಮೇಲೆ ಬಂದ ಮಾವ, ಟೇಬಲ್ಲಿನ ಮೇಲೆ ನಾನು ಬರೆದಿಟ್ಟ ಚಿತ್ರ ನೋಡಿ ನಿಂತರು. ಪಂಪ್, ಟ್ಯಾಂಕ್, ರೇಡಿಯೇಟರ್, ಬಾಣದ ಗುರುತು.

"ಉಂದು ದಾನೆ (ಇದೇನು)? ಯಾವ ಬೋಟಿನದ್ದು?"

ಕಂಪ್ಯೂಟರಿನದ್ದು ಮಾವ, ಎಂದೆ. ಅವರಿಗೆ ಕೇಳಲಿಲ್ಲ. ಎಡಗಿವಿಯ ಹತ್ತಿರ ಹೋಗಿ ಇನ್ನೊಮ್ಮೆ ಹೇಳಿದೆ. ವಿಷಯ ತಿಳಿದ ಮೇಲೆ ಅವರ ಮೊದಲ ಪ್ರಶ್ನೆ, "ಇಷ್ಟೆಲ್ಲ ಯಾಕೆ ಮಾರಾಯ್ತಿ?" ಸದ್ದು ಜಾಸ್ತಿ ಎಂದೆ. "ಯಾವ ಸದ್ದು?" ರೆಂಡರ್ ಓಡುತ್ತಿತ್ತು, ಫ್ಯಾನು ಕಿರುಚುತ್ತಿತ್ತು. ಮಾವನಿಗೆ ಅದು ಇಲ್ಲವೇ ಇಲ್ಲ.

ನಾನು ಸುಮ್ಮನಾದೆ. ಇಂಜಿನ್ ರೂಮಿನೊಳಗೆ ಇವರು ಕಿವಿಗೆ ಹತ್ತಿ ಸಹ ಇಟ್ಟುಕೊಂಡದ್ದನ್ನು ನಾನು ಕಂಡಿಲ್ಲ. ಆಟಕ್ಕೆ ಸಣ್ಣದರಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿದ್ದವರೇ ಇವರು. ಈಗ ಆಟಕ್ಕೆ ಕರೆದರೆ ಬರುವುದಿಲ್ಲ, "ವೇಷ ಕಾಣ್ತದೆ, ಪದ ಕೇಳುವುದಿಲ್ಲ" ಅನ್ನುತ್ತಾರೆ.

ಆಮೇಲೆ ಅವರು ಮಾಡಿದ್ದು ನೋಡಿ. ಅಂಗೈಯನ್ನು ಕ್ಯಾಬಿನೆಟ್ಟಿನ ಮೇಲೆ ಇಟ್ಟರು, ಸ್ವಲ್ಪ ಹೊತ್ತು ಹಾಗೇ ಹಿಡಿದರು, ಕೈಯನ್ನು ಹಿಂದಕ್ಕೆ ಸರಿಸಿದರು. "ಇಲ್ಲಿ ಒಂದು ಬೇರಿಂಗ್ ಹೋಗಿದೆ." ಹಿಂದಿನ ಫ್ಯಾನು. ಬಿಚ್ಚಿ ಬೆರಳಲ್ಲಿ ತಿರುಗಿಸಿದೆ, ಒಂದು ಕಡೆ ಸಣ್ಣಕ್ಕೆ ಹಿಡಿಯುತ್ತಿತ್ತು. ಸದ್ದಿನ ಮೇಲೆ ಸದ್ದು ಇದ್ದುದರಿಂದ ಅದು ನನ್ನ ಕಿವಿಗೆ ಬೇರೆಯಾಗಿ ಸಿಕ್ಕಿರಲೇ ಇಲ್ಲ.

ಅಲ್ಲಿಂದ ಮುಂದೆ ಪಟ್ಟಿಯನ್ನು ಅವರ ಎದುರೇ ಓದಿದೆ, ಒಂದೊಂದೇ ಸಾಲು, ದೊಡ್ಡ ಸ್ವರದಲ್ಲಿ.

ರೇಡಿಯೇಟರಿನಲ್ಲಿ ಎರಡು ಆಯ್ಕೆ ಬರೆದಿದ್ದೆ, ಒಂದು ಅಗ್ಗದ ಅಲ್ಯೂಮಿನಿಯಂ, ಇನ್ನೊಂದು ತಾಮ್ರದ್ದು. ಚಿಪ್ಪಿನ ಮೇಲೆ ಕೂತು ಬಿಸಿಯನ್ನು ನೀರಿಗೆ ದಾಟಿಸುವ ಲೋಹದ ತುಂಡು ಬ್ಲಾಕ್. "ಬ್ಲಾಕ್ ಯಾವುದು?" ತಾಮ್ರ, ಮೇಲೆ ನಿಕಲ್ ಲೇಪ. "ಹಾಗಾದರೆ ಅಲ್ಯೂಮಿನಿಯಂ ಹೊಡೆದು ಹಾಕು. ತಾಮ್ರ ಅಂದರೆ ಪೂರ್ತಿ ತಾಮ್ರ." ಅವರು ಕಾರಣ ಹೇಳಬೇಕಾಗಿಯೇ ಇರಲಿಲ್ಲ, ಆದರೂ ಹೇಳಿದರು. ಬೋಟಿನ ಕೂಲರಿನೊಳಗೆ ಜಿಂಕಿನ (ಸತುವಿನ) ಕಡ್ಡಿ ಹಾಕುತ್ತಾರೆ. ಎರಡು ಜಾತಿಯ ಲೋಹ ಒಂದೇ ನೀರಿನಲ್ಲಿ ಕೂತರೆ ಒಂದು ಇನ್ನೊಂದನ್ನು ತಿನ್ನುತ್ತದೆ. ತಾಮ್ರವನ್ನು ಉಳಿಸಲಿಕ್ಕೆ ಜಿಂಕನ್ನು ತಿನ್ನಲು ಕೊಡುವುದು. ಜಿಂಕು ಕರಗಿತಾ, ಬಿಚ್ಚು, ಹೊಸತು ಹಾಕು. ಹಾಗಾದರೆ ನಾನೂ ಒಂದು ಚೂರು ಜಿಂಕು ಹಾಕಲಾ ಎಂದು ಕೇಳಿದೆ. ಬ್ಲಾಕಿನ ಒಳಗಿನ ದಾರಿ ಎಷ್ಟು ಅಗಲ ಎಂದು ಕೇಳಿದರು. ಅರ್ಧ ಮಿಲಿಮೀಟರಿಗಿಂತ ಸಣ್ಣ ಗೀರುಗಳು ಎಂದೆ. "ಕರಗಿದ ಪುಡಿಯೆಲ್ಲ ಅಲ್ಲೇ ಹೋಗಿ ಕೂರ್ತದೆ. ಬೇಡ. ಬೇರೆ ಲೋಹವನ್ನೇ ಒಳಗೆ ಬಿಡಬೇಡ." ತಾಮ್ರ, ಹಿತ್ತಾಳೆ, ನಿಕಲ್, ಇವು ಒಟ್ಟಿಗೆ ಇರಬಹುದು. ಅಲ್ಯೂಮಿನಿಯಂ ಹೆಸರನ್ನು ಅವರ ಎದುರೇ ಗೀಟು ಎಳೆದು ತೆಗೆದೆ.

ಎಷ್ಟು ರೇಡಿಯೇಟರ್ ಎನ್ನುವುದು ನನ್ನದೇ ಲೆಕ್ಕ. 120 ಮಿಲಿಮೀಟರಿನ ಒಂದು ತುಂಡಿಗೆ, ಫ್ಯಾನು ಕೂಗದ ಹಾಗೆ, ಸುಮಾರು 100 ವಾಟ್ ಎಂದು ಹಿಡಿಯುವುದು ರೂಢಿ. ಎರಡೂ ಸೇರಿ 460 ವಾಟ್, ಐದು ತುಂಡು ಸಾಕು. ಆದರೆ ವಿದೇಶದವರು ಪರೀಕ್ಷೆ ಮಾಡುವುದು 21 ಡಿಗ್ರಿಯ ಕೋಣೆಯಲ್ಲಿ. ನಮ್ಮ ಮೇ ತಿಂಗಳ ಮಧ್ಯಾಹ್ನ ಈ ಮಾಳಿಗೆಯಲ್ಲಿ 33 ಎಲ್ಲೂ ಹೋಗುವುದಿಲ್ಲ. ನೀರು ಗಾಳಿಗಿಂತ ಹತ್ತು ಡಿಗ್ರಿ ಮೇಲೆ ನಿಂತರೆ ಒಳ್ಳೆಯ ಲೂಪ್ (ನೀರು ಸುತ್ತುವ ದಾರಿ) ಅನ್ನುತ್ತಾರೆ, ಅಂದರೆ ನನಗೆ 43. ಒಂದೇ 360ರಲ್ಲಿ, ಅಂದರೆ 120ರ ಮೂರು ತುಂಡಿನ ಉದ್ದದ ರೇಡಿಯೇಟರಿನಲ್ಲಿ, ಮುಗಿಸಹೊರಟು ಇಪ್ಪತ್ತು ಡಿಗ್ರಿ ಏರಿದರೆ 53. ಪಂಪಿನವರೂ ಪಿಇಟಿಜಿ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪಿನವರೂ 60ರ ಮೇಲೆ ಬೇಡ ಅನ್ನುತ್ತಾರೆ, ಅಷ್ಟು ಹತ್ತಿರ ಹೋಗಲು ನನಗೆ ಮನಸ್ಸಿಲ್ಲ. ಎರಡು 360. ಒಂದು ಮೇಲೆ, ಒಂದು ಬದಿಗೆ. ಮೂವತ್ತು ಮಿಲಿಮೀಟರ್ ದಪ್ಪದ್ದು, ರೆಕ್ಕೆಗಳು ಸ್ವಲ್ಪ ಬಿಡಿ ಬಿಡಿಯಾಗಿರುವುದು, ನಿಧಾನಕ್ಕೆ ತಿರುಗುವ ಫ್ಯಾನಿಗೆ ಅದೇ ಸರಿ.

ಈ ಜೂನಿನ ಗಾಳಿಯಲ್ಲಿ ಪೈಪು ಬೆವರುವುದಿಲ್ಲವಾ ಎಂದು ಮಾವ ಕೇಳಿದರು. ದಕ್ಕೆಯ ಐಸ್ ಪ್ಲಾಂಟಿನ ಪೈಪುಗಳನ್ನು ನೋಡಿದವರಿಗೆ ಬರಲೇಬೇಕಾದ ಸಂಶಯ. ಬೆವರುವುದಿಲ್ಲ. ಬರಿಯ ರೇಡಿಯೇಟರ್ ಫ್ಯಾನಿನಿಂದ ನೀರು ಕೋಣೆಯ ಗಾಳಿಗಿಂತ ತಣ್ಣಗೆ ಆಗುವುದೇ ಇಲ್ಲ, ಬಿಸಿಯಾದ ಪೈಪಿನ ಮೇಲೆ ಹನಿ ಕಟ್ಟುವುದಿಲ್ಲ. ಒಪ್ಪಿದರು. ಆದರೆ ಪ್ರೊಸೆಸರಿನಿಂದ ಹೊರಟ ಬಿಸಿನೀರು ನೇರ ಕಾರ್ಡಿಗೆ ಹೋಗುವುದನ್ನು ಒಪ್ಪಲಿಲ್ಲ. "ನಡುವೆ ಒಂದು ರೇಡಿಯೇಟರ್ ಬೇಕು." ಅದಕ್ಕೆ ಪೆನ್ನು ಹಿಡಿದೆ. ನಿಮಿಷಕ್ಕೆ ನಾಲ್ಕು ಲೀಟರ್ ಹರಿದರೆ ಪೂರ್ತಿ 460 ವಾಟ್ ಸೇರಿದರೂ ಒಂದು ಸುತ್ತಿನಲ್ಲಿ ನೀರು ಎರಡು ಡಿಗ್ರಿಯೂ ಏರುವುದಿಲ್ಲ. ಯಾವುದು ಮೊದಲು ಎನ್ನುವುದಕ್ಕೆ ಬೆಲೆಯಿಲ್ಲ, ಪೈಪು ಎಲ್ಲಿ ಸಲೀಸಾಗಿ ತಿರುಗುತ್ತದೋ ಹಾಗೆ ಎಳೆಯಬಹುದು. ಮಾವ ಕಾಗದವನ್ನು ಕಣ್ಣ ಹತ್ತಿರ ಹಿಡಿದು ಲೆಕ್ಕವನ್ನು ಇನ್ನೊಮ್ಮೆ ತಾವೇ ಮಾಡಿದರು. "ಹೌದು." ಅಷ್ಟೇ.

ಒಂದು ಕ್ರಮ ಮಾತ್ರ ತಪ್ಪುವ ಹಾಗಿಲ್ಲ: ಟ್ಯಾಂಕ್ ಮೇಲೆ, ಪಂಪ್ ಅದರ ಕೆಳಗೆ. ಡಿ5 ಎಂಬ ಮಾದರಿಯ ಪಂಪಿನೊಳಗೆ ರೋಟರು ಒಂದು ಸಿರಾಮಿಕ್ ಗುಂಡಿನ ಮೇಲೆ ತಿರುಗುತ್ತದೆ, ಅದಕ್ಕೆ ಎಣ್ಣೆಯೂ ನೀರೇ. ಒಣಗಿ ಓಡಿದರೆ ಕಥೆ ಮುಗಿಯಿತು. ಇದನ್ನು ಮಾವನಿಗೆ ವಿವರಿಸಲೇ ಬೇಕಾಗಲಿಲ್ಲ, ಸಮುದ್ರದ ನೀರು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ ಒಣಗಿ ಓಡಿ ಚಿಂದಿಯಾಗುವುದನ್ನು ಅವರು ಎಷ್ಟು ಕಂಡಿದ್ದಾರೋ.

ಮಣಿಪಾಲದ ಗೆಳೆಯ ಕೊಟ್ಟ ಒಂದು ಫಿಟ್ಟಿಂಗ್ (ಪೈಪನ್ನು ಜೋಡಿಸುವ ತಿರುಪು) ಡ್ರಾಯರಿನಲ್ಲಿತ್ತು, ತೆಗೆದು ಕೊಟ್ಟೆ. ಮಾವನ ಅಂಗೈಯಲ್ಲಿ ಅದು ತೀರಾ ಸಣ್ಣದಾಗಿ ಕಂಡಿತು. ಜಿ ಕಾಲು ಇಂಚಿನ ತ್ರೆಡ್. ಉಗುರಿನಿಂದ ತ್ರೆಡ್ಡಿನ ಮೇಲೆ ಗೀರಿ ನೋಡಿದರು, ಬುಡದ ಕಪ್ಪು ರಬ್ಬರ್ ಬಳೆಯನ್ನು ಒತ್ತಿದರು. ಟೆಫ್ಲಾನ್ ಟೇಪ್ ಸುತ್ತಬೇಕಲ್ಲ ಎನ್ನಲು ಹೊರಟವರು ನಡುವೆಯೇ ನಿಲ್ಲಿಸಿದರು. "ನೇರ ತ್ರೆಡ್ಡು. ನೀರು ಹಿಡಿಯುವುದು ಓ-ರಿಂಗ್. ಟೇಪ್ ಬೇಡ. ಕೈಯಲ್ಲಿ ಎಷ್ಟು ಬಿಗಿಯಾಗ್ತದೋ ಅಷ್ಟೇ, ಸ್ಪಾನರ್ ಹಿಡಿಯಬೇಡ, ನಿನ್ನ ಆ ಪ್ಲಾಸ್ಟಿಕ್ ಟ್ಯಾಂಕ್ ಸೀಳ್ತದೆ." ಫಿಟ್ಟಿಂಗಿನ ಖರ್ಚು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಎರಡು ಬ್ಲಾಕ್, ಎರಡು ರೇಡಿಯೇಟರ್, ಒಂದು ಪಂಪ್-ಟ್ಯಾಂಕ್, ಪ್ರತಿಯೊಂದಕ್ಕೂ ಎರಡು ಬಾಯಿ, ಅಲ್ಲಿಗೇ ಹತ್ತು. ಮೂಲೆಯ ಬೆಂಡುಗಳು, ನೀರು ಇಳಿಸುವ ವಾಲ್ವು, ಅದಕ್ಕೊಂದು ಟಿ, ಇವೆಲ್ಲ ಬೇರೆ.

ಪಾರದರ್ಶಕ ಗಟ್ಟಿ ಪೈಪಿನ ಚಿತ್ರ ತೋರಿಸಿದೆ. ಚಂದ ಉಂಟು ಎಂದರು. ಬಿಚ್ಚುವುದು ಹೇಗೆ ಎಂದು ಕೇಳಿದರು. ನನ್ನ ಹತ್ತಿರ ಚುರುಕಾದ ಉತ್ತರವಿರಲಿಲ್ಲ. ಕಾರ್ಡನ್ನು ಒಂದು ಬೆರಳು ಆಚೀಚೆ ಮಾಡಬೇಕಾದರೂ ಇಡೀ ನೀರು ಇಳಿಸಬೇಕು, ಪೈಪನ್ನು ಮತ್ತೆ ಬಿಸಿ ಮಾಡಿ ಬಗ್ಗಿಸಬೇಕಾದೀತು. ಆದ್ದರಿಂದ ಕಪ್ಪು ಇಪಿಡಿಎಂ ರಬ್ಬರ್ ಪೈಪ್, 10/16 ಅಳತೆಯದ್ದು, ಅಂದರೆ ಒಳಗೆ 10, ಹೊರಗೆ 16 ಮಿಲಿಮೀಟರ್. ಸಾದಾ ಪಿವಿಸಿ ಪೈಪಿನ ಹಾಗೆ ಇದರಿಂದ ಪ್ಲಾಸ್ಟಿಸೈಸರ್ (ಪ್ಲಾಸ್ಟಿಕನ್ನು ಮೆದು ಮಾಡಲು ಸೇರಿಸುವ ವಸ್ತು) ಕರಗಿ ಬ್ಲಾಕಿನಲ್ಲಿ ಅಂಟು ಕಟ್ಟುವುದಿಲ್ಲ. ಒಳಗಿನ ನೀರು ಕಾಣುವುದಿಲ್ಲ, ಬೇಡ. ನನಗೆ ಕೇಳಬೇಕಾದ್ದು ಉಂಟು, ನೋಡಬೇಕಾದ್ದಿಲ್ಲ.

ಅಮ್ಮ ಚಾ ತಂದವರು "ಕರೆಂಟಿನ ಪೆಟ್ಟಿಗೆಯೊಳಗೆ ನೀರಾ?" ಎಂದು ಬಾಗಿಲಲ್ಲೇ ನಿಂತರು. ನಮ್ಮ ಬಾವಿ ನೀರಾದರೆ ಶುದ್ಧ, ಅದನ್ನೇ ಹಾಕು ಎಂದೂ ಸೇರಿಸಿದರು. ಬಾವಿ ನೀರಿನ ಮೇಲೆ ಅಮ್ಮನಿಗಿರುವ ಅಭಿಮಾನ ನನಗೂ ಉಂಟು, ಕುಡಿಯಲು. ಲೂಪಿಗೆ ಬೇಕಾದ್ದು ಡಿಸ್ಟಿಲ್ಡ್ ವಾಟರ್, ಒಂದು ಲೀಟರಿನ ಆಸುಪಾಸು, ಜೊತೆಗೆ ಪಾಚಿ ಹಿಡಿಯದಿರಲು ಮತ್ತು ಲೋಹ ತಿನ್ನದಿರಲು ಔಷಧ. ಬಾವಿಯ ಕಬ್ಬಿಣ ಸುಣ್ಣವೆಲ್ಲ ಆ ಸಣ್ಣ ಗೀರುಗಳಲ್ಲಿ ಕೂತರೆ ಬಿಡಿಸುವವರಿಲ್ಲ. ಡಿಸ್ಟಿಲ್ಡ್ ನೀರು ಕರೆಂಟು ಹರಿಸುವುದಿಲ್ಲ ಎಂದು ಅಮ್ಮನಿಗೆ ಧೈರ್ಯ ಹೇಳಬಹುದಿತ್ತು. ಹೇಳಲಿಲ್ಲ. ನಾಲ್ಕು ದಿನ ಲೋಹದ ಮೇಲೆ ಓಡಿದ ಮೇಲೆ ಆ ಮಾತು ನಿಜವಾಗಿ ಉಳಿಯುವುದಿಲ್ಲ. ಬದಲಿಗೆ ಪಂಪಿಗೆ ಮಾತ್ರ ಕರೆಂಟು ಕೊಟ್ಟು, ಬೇರೆಲ್ಲ ಬಿಚ್ಚಿಟ್ಟು, ಕಾಗದ ಹಾಸಿ ಇಡೀ ದಿನ ಓಡಿಸಿ ನೋಡುತ್ತೇನೆ ಎಂದೆ. ಅದಕ್ಕೂ ಮೊದಲು ಗಾಳಿ ತುಂಬಿ ಅರ್ಧ ಬಾರ್ ಒತ್ತಡದಲ್ಲಿ ಮೀಟರಿನ ಮುಳ್ಳು ಇಳಿಯುತ್ತದಾ ಎಂದು ನೋಡುವುದು ಮಾವನ ಜವಾಬ್ದಾರಿ, ಅವರೇ ಹೊತ್ತುಕೊಂಡರು.

ಮಾವ ಹೊರಡುವಾಗ ಮಳೆ. ಕೊಡೆ ಬೇಡ ಎಂದು ಟವೆಲು ತಲೆಗೆ ಹಾಕಿಕೊಂಡು ಹೋದರು. ಅವರಿಗೊಂದು ಹಿಯರಿಂಗ್ ಏಡ್ ಮಾಡಿಸೋಣ ಎಂದು ಅಮ್ಮನ ಹತ್ತಿರ ಹೇಳಿದೆ. ಅಮ್ಮ ಎಷ್ಟು ವರ್ಷದಿಂದ ಹೇಳುತ್ತಿದ್ದಾರಂತೆ. ಇನ್ನು ನಾನೇ ಹೇಳಬೇಕು, ಈ ಕೆಲಸದ ನಡುವೆ ಹೇಳಿದರೆ ಬಹುಶಃ ಕೇಳಿಯಾರು.

ಈಗ ಬಾಕಿ ಇರುವುದು ಕಾರ್ಡಿನ ಬ್ಲಾಕ್. 3080 ಎಂದು ಹೆಸರಿದ್ದರೆ ಸಾಲದು, ಬೋರ್ಡು ಕಂಪನಿಯಿಂದ ಕಂಪನಿಗೆ ಬೇರೆ, ಒಂದೇ ಕಂಪನಿಯಲ್ಲೂ ಮಾಡೆಲಿನಿಂದ ಮಾಡೆಲಿಗೆ ಬೇರೆ. ಸ್ಕ್ರೂ ತೂತು ಒಂದು ಮಿಲಿಮೀಟರ್ ಆಚೆ ಇದ್ದರೂ ಕೂರುವುದಿಲ್ಲ. ಮಾಡೆಲ್ ನಂಬರಿನಿಂದ ಹುಡುಕಿದರೆ ಎರಡು ಬ್ಲಾಕ್ ತೋರಿಸುತ್ತದೆ, ಯಾವುದೆಂದು ಖಾತ್ರಿಯಾಗಬೇಕಾದರೆ ಹಿಂದಿನ ಪ್ಲೇಟು ಬಿಚ್ಚಿ ಬೋರ್ಡಿನ ಮೇಲೆ ಅಚ್ಚಾದ ನಂಬರ್ ಓದಬೇಕು. ಬಿಚ್ಚಿದರೆ ರೆಂಡರ್ ನಿಲ್ಲುತ್ತದೆ, ಬುಧವಾರ ಒಂದು ಆಟ ಕೊಡಲೇಬೇಕು. ಬುಧವಾರ ರಾತ್ರಿ ಬಿಚ್ಚಿದರೆ ಗುರುವಾರ ಆರ್ಡರ್ ಮಾಡಬಹುದು, ಅಷ್ಟರೊಳಗೆ ರೇಡಿಯೇಟರ್ ಎರಡನ್ನಾದರೂ ತರಿಸಿಬಿಟ್ಟರೆ ಒಳಗೆ ಉಳಿದ ಬೆಸುಗೆಯ ಫ್ಲಕ್ಸನ್ನು ಬಿಸಿನೀರು ಹಾಕಿ ಕುಲುಕಿ ತೊಳೆಯುವ ಕೆಲಸ ಬರುವ ಆದಿತ್ಯವಾರ ಮಾವನ ಜೊತೆಯೇ, ಅವರ ಬೋಟಿನ ಶಾಫ್ಟು ಅಷ್ಟರಲ್ಲಿ ಕೂತರೆ