ಮೇವರಿಕ್ ಅನ್ನೋ ಪದಕ್ಕೆ ಕನ್ನಡದಲ್ಲಿ ಏನು ಬರೀಲಿ

ನಮ್ಮ ಹೈಸ್ಕೂಲಿನ ಗಣಿತದ ಮೇಡಂ ಹೋದ ತಿಂಗಳು ರಿಟೈರ್ ಆದ್ರು. ಹೊರದೇಶದಲ್ಲಿರೋ ಹಳೇ ಸ್ಟೂಡೆಂಟ್ ಒಬ್ಬ ಇಂಗ್ಲಿಷಲ್ಲಿ ಲೆಟರ್ ಕಳಿಸಿದ್ದ, ಅದನ್ನ ಕನ್ನಡಕ್ಕೆ ಮಾಡಿ ಬೀಳ್ಕೊಡುಗೆ ದಿನ ಓದೋ ಕೆಲಸ ನಂದು. ಹಿಂದಿನ ರಾತ್ರಿ ಬರೀತಾ ಕೂತಿದ್ದೆ, ‘ನಮ್ಮ ಮೇಡಂ ಒಬ್ಬರು ಮೇವರಿಕ್’ ಅನ್ನೋ ಸಾಲಿಗೆ ಬಂದು ಪೆನ್ನು ನಿಂತೋಯ್ತು.

‘ಸಂಪ್ರದಾಯ ಮುರಿಯುವವರು’ ಅಂತ ಬರೆದು ಹೊಡೆದಾಕ್ದೆ. ಮೇಡಂ ಏನು ಮುರಿದ್ರು? ಟೈಮಿಗೆ ಸರಿಯಾಗಿ ಬರ್ತಿದ್ರು, ಪೋರ್ಷನ್ ಮುಗಿಸ್ತಿದ್ರು, ಆದ್ರೆ ಸಮರೂಪ ತ್ರಿಭುಜದ ಪಾಠಕ್ಕೆ ಬೋರ್ಡ್ ಮುಟ್ಟದೆ ಎಲ್ಲರನ್ನೂ ಹುಣಸೇಮರದ ಹತ್ರ ಕರ್ಕೊಂಡೋಗಿ, ಒಂದು ಮೀಟರ್ ಕೋಲು ನೆಟ್ಟು ಅದರ ನೆರಳು ಅಳೆಸಿದ್ರು, 80 ಸೆಂಟಿಮೀಟರ್, ಆಮೇಲೆ ಮರದ ನೆರಳು, 9.6 ಮೀಟರ್, ಈಗ ಮರದ ಎತ್ತರ ಹೇಳ್ರೋ ಅಂದ್ರು. 12 ಮೀಟರ್ ಅಂತ ನಾವೇ ಕಂಡ್ಕೊಂಡಾಗ ಆದ ಖುಷಿ ನನಗೆ ಇವತ್ತಿಗೂ ಇದೆ. ಇಂಥವರನ್ನ ‘ಒಂಟಿ ಸಲಗ’ ಅನ್ನಕ್ಕಾಗಲ್ಲ, ಅದರಲ್ಲಿ ರೋಷ ಇದೆ. ‘ಹಠಮಾರಿ’ ಅಂದ್ರೆ ಬೈದಂಗೆ.

ಪದದ ಮೂಲ ಹುಡುಕ್ದೆ. ಸ್ಯಾಮ್ಯುಯೆಲ್ ಮೇವರಿಕ್ ಅಂತ ಟೆಕ್ಸಾಸಿನ ಲಾಯರ್, ಜಮೀನುದಾರ, 1803ರಲ್ಲಿ ಹುಟ್ಟಿ 1870ರಲ್ಲಿ ತೀರ್ಕೊಂಡವರು. ಬರಬೇಕಿದ್ದ ಸಾಲಕ್ಕೆ ಬದಲಾಗಿ ಅವರಿಗೆ ಸುಮಾರು 400 ದನ ಬಂದ್ವು. ಅಲ್ಲಿ ದನ ಯಾರದು ಅಂತ ಗೊತ್ತಾಗಕ್ಕೆ ಕಾದ ಕಬ್ಬಿಣದಲ್ಲಿ ಮುದ್ರೆ ಒತ್ತೋರು (ನಮ್ಮ ಕಡೆ ಬರೆ ಹಾಕ್ತಿದ್ದದ್ದು ಕಾಯಿಲೆಗೆ, ಅದು ಬೇರೆ). ಇವರಿಗೆ ದನದ ಮೇಲೆ ಆಸಕ್ತಿ ಇರಲಿಲ್ಲ, ಬಹಳಷ್ಟಕ್ಕೆ ಮುದ್ರೆ ಬೀಳಲೇ ಇಲ್ಲ. ಮುದ್ರೆ ಇಲ್ಲದ ಕರು ಕಂಡ್ರೆ ಜನ ‘ಮೇವರಿಕ್’ ಅನ್ನಕ್ಕೆ ಶುರು ಮಾಡಿದ್ರು, 1880ರ ದಶಕದ ಹೊತ್ತಿಗೆ ಯಾವ ಗುಂಪಿಗೂ ಸೇರದೆ ಸ್ವಂತ ಬುದ್ಧೀಲಿ ನಡೆಯೋ ಮನುಷ್ಯರಿಗೂ ಅದೇ ಹೆಸರಾಯ್ತು.

ಐಕನೊಕ್ಲಾಸ್ಟ್ ಅನ್ನೋದು ಬೇರೆ, ಗ್ರೀಕ್ ಮೂಲದಲ್ಲಿ ಅದು ವಿಗ್ರಹ ಒಡೆಯೋನು. ಮೇವರಿಕ್‌ನಲ್ಲಿ ಒಡೆಯೋ ಮಾತೇ ಇಲ್ಲ. ಸಿಗ್ನಲ್ ಜಂಪ್ ಮಾಡೋರಿಗೂ ಈಗ ಈ ಪದ ಹಾಕ್ತಾರೆ, ನಂಗೆ ಬೇಜಾರಾಗುತ್ತೆ.

ಕೊನೆಗೆ ‘ಯಾರ ಮುದ್ರೆಯೂ ಬೀಳದವರು’ ಅಂತ ಬರೆದೆ, ಮಾರನೇ ದಿನ ಹಾಗೇ ಓದ್ದೆ.

ಮೇಡಂ ಆಮೇಲೆ ಹತ್ರ ಬಂದು ಇಂಗ್ಲಿಷ್ ಲೆಟರ್ ಇಸ್ಕೊಂಡ್ರು. ‘ಇದು ಒಬ್ಬರ ಹೆಸರು ಅಂತೀಯ, ಮತ್ತೆ ಮೊದಲನೇ ಅಕ್ಷರ ಯಾಕೋ ಚಿಕ್ಕದಿದೆ?’ ಅಂದ್ರು. ಹೆಸರಾಗಿದ್ದದ್ದು ಈಗ ಎಲ್ಲರ ಪದ ಆಗೋಗಿದೆ ಮೇಡಂ, ಅಂದೆ. ಆ ಸಾಲಿನ ಕೆಳಗೆ ಪೆನ್ಸಿಲಲ್ಲಿ ಗೆರೆ ಎಳೆದು, ಮಡಚಿ ಬ್ಯಾಗಲ್ಲಿಟ್ಕೊಂಡ್ರು.