ಮಡಿಲು ಪತ್ತೆಯಾಗಿದೆ

ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಪರದೆ, ಮೆನುಗಳನ್ನು ತೋರಿಸುವ ಗ್ನೋಮ್ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್ ಅನ್ನು ಕನ್ನಡಕ್ಕೆ ತರಲು ಕೂತಿದ್ದ ಭಾನುವಾರ ಅದು. ಪವರ್ ವಿಭಾಗದಲ್ಲೊಂದು ಸಂದೇಶ ಸಿಕ್ಕಿತು. ಪ್ರೊಸೆಸರ್ ಪೂರ್ತಿ ವೇಗದಲ್ಲಿ ಓಡಲಿ ಅಂತ ನೀವು ಆರಿಸಿಕೊಂಡಿದ್ದರೂ, ಲ್ಯಾಪ್‌ಟಾಪ್ ತೊಡೆಯ ಮೇಲಿದೆ ಅಂತ ಸೆನ್ಸರ್‌ಗೆ ಗೊತ್ತಾದರೆ ವೇಗ ಇಳಿಯುತ್ತದೆ. ತೊಡೆಗೆ ಬಿಸಿ ತಾಗದಿರಲಿ ಅಂತ ಕೆಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ ಈ ಏರ್ಪಾಡಿದೆ. ಇಂಗ್ಲಿಷ್ ಸಾಲು ಶುರುವಾಗುವುದೇ 'ಲ್ಯಾಪ್ ಡಿಟೆಕ್ಟೆಡ್' ಎಂದು.

ಪದಕ್ಕೆ ಪದ ಇಟ್ಟೆ: 'ಮಡಿಲು ಪತ್ತೆಯಾಗಿದೆ: ಕಾರ್ಯಕ್ಷಮತೆ ವಿಧಾನವು ತಾತ್ಕಾಲಿಕವಾಗಿ ಅಲಭ್ಯ. ಮರುಸ್ಥಾಪಿಸಲು ಸಾಧನವನ್ನು ಸ್ಥಿರ ಮೇಲ್ಮೈಗೆ ಸರಿಸಿ.'

ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಮ್ಮನಿಗೆ ಓದಿ ಹೇಳಿದೆ.

"ಪತ್ತೆ ಆಯ್ತಾ? ಯಾವಾಗ ಕಳೆದಿತ್ತು?" ಅಂದಳು.

ಸರಿಯೇ. ಪತ್ತೆ ಅಂದರೆ ನಮಗೆ ಪೇಪರಿನ ಸುದ್ದಿ: ಕಳುವಾದ ಬೈಕ್ ಪತ್ತೆ, ಕೆರೆಯಲ್ಲಿ ಶವ ಪತ್ತೆ. ಮಡಿಲು ಮಗು ಮಲಗುವ, ಅಕ್ಕಿ-ಕಾಯಿ ತುಂಬುವ ಜಾಗ. ಲ್ಯಾಪ್‌ಟಾಪ್ ಕೂರುವುದು ತೊಡೆಯ ಮೇಲೆ. ಉಳಿದದ್ದು ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಬಹುದಾದ ಭಾಷೆ.

"ಇದು ಪರದೆ ಮೇಲೆ ಬಂದರೆ ಏನ್ಮಾಡ್ತೀಯ?"

"ರಿಪೇರಿ ಅಂಗಡಿಗೆ ಫೋನ್ ಮಾಡ್ತೀನಿ. ಕೆಟ್ಟಿದೆ ಅಂತ ತಾನೇ?"

ನಗು ಅಲ್ಲಿಗೆ ನಿಂತಿತು. ಕೆಟ್ಟಿಲ್ಲ, ಬೇಕಂತಲೇ ನಿಧಾನವಾಗಿದೆ ಅನ್ನುವುದೇ ಆ ಸಂದೇಶದ ತಿರುಳು. ನನ್ನ 'ಅಲಭ್ಯ' ಅದನ್ನೇ ನುಂಗಿತ್ತು. ಲಿನಕ್ಸ್‌ನ ಒಳಭಾಗವಾದ ಕರ್ನಲ್ ತನ್ನಷ್ಟಕ್ಕೆ ಬರೆದಿಡುವ ಲಾಗ್ ಎಷ್ಟೋ ವಾಸಿ. ರಜಾಯಿ ಮೇಲಿಟ್ಟು ಗಾಳಿಕಿಂಡಿ ಮುಚ್ಚಿದ್ದ ಒಂದು ರಾತ್ರಿ ನೋಡಿದ್ದೆ: ಪ್ರೊಸೆಸರ್ ಕೋರ್‌ನ ಬಿಸಿ ಮಿತಿ ಮೀರಿದೆ, ಕ್ಲಾಕ್, ಅಂದರೆ ವೇಗ, ತಗ್ಗಿದೆ ಅಂತ ಒಂದು ಸಾಲು, ತಣ್ಣಗಾದ ಮೇಲೆ ಮಾಮೂಲಿಗೆ ಬಂದಿದೆ ಅಂತ ಇನ್ನೊಂದು. ಒರಟು ಭಾಷೆ, ಆದರೆ ಯಾಕೆ ಅನ್ನುವುದನ್ನು ಮುಚ್ಚಿಡುವುದಿಲ್ಲ.

ಮತ್ತೆ ಬರೆದೆ. 'ತಗ್ಗಿಸಲಾಗಿದೆ' ಅಂತ ಬೆರಳು ತಾನಾಗಿ ಓಡಿತು, ಅಳಿಸಿದೆ. 'ತಗ್ಗಿಸಿದ್ದೇವೆ' ಅಂದರೆ ನಾವು ಯಾರು? ಕೊನೆಗೆ ಹೀಗೆ ನಿಂತಿತು: 'ಲ್ಯಾಪ್‌ಟಾಪ್ ತೊಡೆಯ ಮೇಲಿದೆ. ಬಿಸಿಯಾಗದಿರಲು ವೇಗ ತಗ್ಗಿದೆ. ಮೇಜಿನ ಮೇಲಿಟ್ಟರೆ ಮತ್ತೆ ಹೆಚ್ಚುತ್ತದೆ.'

"ನಮ್ಮನೇಲಿ ಮೇಜೆಲ್ಲಿದೆ?"

'ಮೇಜಿನ ಮೇಲೆ' ಹೋಗಿ 'ಸಮತಟ್ಟಾದ ಗಟ್ಟಿ ಜಾಗದಲ್ಲಿ' ಬಂತು. ಮೂಲದಲ್ಲಿ ಬಿಸಿಯ ಮಾತೇ ಇಲ್ಲ. ಪರಿಶೀಲಿಸುವವರು ತಕರಾರು ತೆಗೆದರೆ ವಾದಿಸಲು ಸಿದ್ಧನಿದ್ದೆ. ಅಷ್ಟರಲ್ಲಿ ಅಮ್ಮ ಎದ್ದುಹೋಗಿ ಊಟದ ಮಣೆ ತಂದು ನನ್ನ ಮುಂದಿಟ್ಟಳು.

"ಇದು ಗಟ್ಟಿ ಜಾಗ ತಾನೇ? ಇಳಿಸು ತೊಡೆಯಿಂದ."