ಎಲ್ಲರೂ ಹೂಡಿ ತೊಟ್ಟಿರುವಾಗ ನಾನೇಕೆ ಹಳೆಯ ಟ್ವೀಡ್ ಕೋಟು ತೊಡುತ್ತೇನೆ

“ಇವತ್ತೇನು ವಿಶೇಷ?” ಎಂದು ಯಾರಾದರೊಬ್ಬರು ನನ್ನನ್ನು ಕೇಳದ ವಾರವಿಲ್ಲ. ಡಬ್ಲಿನ್ನಿನ ನಮ್ಮ ಕಚೇರಿಯಲ್ಲಿ ಸುತ್ತಲಿನವರೆಲ್ಲ ಹೂಡಿ, ಜೀನ್ಸ್, ಓಟದ ಬೂಟುಗಳಲ್ಲಿ ಆರಾಮವಾಗಿ ಕುಳಿತಿರುವಾಗ, ನಾನು ಮೊಣಕಾಲಿನಿಂದ ಕೆಳಗಿಳಿಯುವ ಟ್ವೀಡ್ ಕೋಟು, ಕುತ್ತಿಗೆಗೆ ಕ್ರೋಶಾ ಹೆಣಿಗೆಯ ಬಿಳಿ ಕಾಲರ್, ಮಳೆಗಾಲದಲ್ಲಿ ಉಣ್ಣೆಯ ಟೊಪ್ಪಿಗೆ ಧರಿಸಿ ಹೋಗುವುದರಿಂದ, ಮದುವೆಯೋ, ಸಂದರ್ಶನವೋ, ಯಾರದಾದರೂ ಅಂತ್ಯಸಂಸ್ಕಾರವೋ ಎಂದು ಅವರು ಊಹಿಸುತ್ತಾರೆ. ಇಲ್ಲಿನ ಕನ್ನಡಿಗರು ರಾಜ್ಯೋತ್ಸವಕ್ಕೋ ಯುಗಾದಿಗೋ ಸೇರಿದಾಗ ಪ್ರಶ್ನೆ ಇನ್ನಷ್ಟು ನೇರವಾಗಿರುತ್ತದೆ: “ಅಕ್ಕಾ, ನೀವೇನು ಐರಿಷ್‌ನವರಾ? ನಿಮಗ್ಯಾಕೆ ಈ ಹಳೇ ಕಾಲದ ಬಟ್ಟೆ?” ಊರಿನಿಂದ ವಿಡಿಯೋ ಕರೆ ಮಾಡುವ ಅಮ್ಮ, “ಹೊಸ ಕೋಟೊಂದು ತಗೋಬಾರದೇನೇ?” ಎಂದು ಬೇಸರ ಮಾಡಿಕೊಳ್ಳುತ್ತಾಳೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೋಟು ನನ್ನ ಅತ್ತೆಯ ತಾಯಿಯದು. ನಾನು ಮದುವೆಯಾಗಿ ಸೇರಿದ ಮನೆ ಐರ್ಲೆಂಡಿನ ವಾಯವ್ಯ ಮೂಲೆಯ ಡನಿಗಾಲ್ ಜಿಲ್ಲೆಯದು. ಅಲ್ಲಿನ ಕೈಮಗ್ಗದ ಉಣ್ಣೆಬಟ್ಟೆಯೇ ಡನಿಗಾಲ್ ಟ್ವೀಡ್ ಎಂದು ಹೆಸರಾದದ್ದು. ಮೊದಲ ಚಳಿಗಾಲದಲ್ಲಿ ನಾನು ನಡುಗುತ್ತಿದ್ದುದನ್ನು ಕಂಡ ಅತ್ತೆ, ಬೀರುವಿನ ತಳದಿಂದ ಇದನ್ನು ತೆಗೆದು, ಎರಡು ಸಲ ಕೊಡವಿ, ಏನೂ ಹೇಳದೆ ನನ್ನ ಹೆಗಲಿಗೆ ಹಾಕಿದರು. ದೂರದಿಂದ ಅದು ಬೂದು ಬಣ್ಣದ ಸಾಮಾನ್ಯ ಬಟ್ಟೆಯೆಂದು ಕಾಣುತ್ತದೆ. ಕಿಟಕಿಯ ಬಳಿ ಹಿಡಿದು ನೋಡಿದರೆ, ಬೂದುಬಣ್ಣದ ನಡುವೆ ಸಾಸಿವೆ ಕಾಳಿನಷ್ಟು ಗಾತ್ರದ ಚುಕ್ಕೆಗಳು ಒಂದೊಂದಾಗಿ ಎದ್ದು ಬರುತ್ತವೆ: ಗುಡ್ಡದ ಮುಳ್ಳುಪೊದೆಯ ಹೂವಿನ ಹಳದಿ, ಹೆದರ್ ಹೂವಿನ ನೇರಳೆ, ಬೇಲಿಯಲ್ಲಿ ಅರಳುವ ಫ್ಯೂಷಿಯಾದ ಕಡುಕೆಂಪು, ಪಾಚಿಯ ಹಸಿರು. ಉಣ್ಣೆಯನ್ನು ಹಿಂಜುವಾಗ ಬಣ್ಣದ ಪುಟ್ಟ ಉಂಡೆಗಳನ್ನು ಬೆರೆಸುತ್ತಾರೆ. ಅವು ಪೂರ್ತಿ ಎಳೆಯಾಗದೆ ನೂಲಿನಲ್ಲಿ ಗಂಟುಗಂಟಾಗಿ ಉಳಿದು, ಮಗ್ಗದಿಂದ ಚುಕ್ಕೆಗಳಾಗಿ ಹೊರಬರುತ್ತವೆ. ಹಿಂದೆ ಕೆಂಗಂದು ಬಣ್ಣ ಬೇಕಾದಾಗ ಬಂಡೆಗಳ ಮೇಲಿನ ಕಲ್ಲುಹೂವನ್ನು ಕೆರೆದು ತಂದು, ಉಣ್ಣೆಯ ಜೊತೆ ಪದರ ಪದರವಾಗಿ ಹಾಸಿ ಕುದಿಸುತ್ತಿದ್ದರು. ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಹತ್ತಿರದ ಬಂಧು ಅದು ಎಂದು ತಿಳಿದ ದಿನದಿಂದ ನನಗೆ ಈ ಬಟ್ಟೆ ಪರದೇಶದ್ದು ಅನ್ನಿಸಿಲ್ಲ.

ಪ್ರಶ್ನೆಯ ಹಿಂದಿರುವ ಒಂದು ಊಹೆಯನ್ನು ಮೊದಲು ತಿದ್ದಬೇಕು. ನಾನು ವೇಷ ಹಾಕುತ್ತಿಲ್ಲ. ಪ್ರತಿವರ್ಷ ಜೂನ್ 16ರಂದು, ಐರಿಷ್ ಲೇಖಕ ಜೇಮ್ಸ್ ಜಾಯ್ಸ್ ಅವರ ‘ಯುಲಿಸಿಸ್’ ಕಾದಂಬರಿಯ ಕಥೆ ನಡೆಯುವ 1904ರ ಆ ಒಂದು ದಿನದ ನೆನಪಿಗೆ, ಡಬ್ಲಿನ್ನಿನ ಜನ ಹುಲ್ಲಿನ ಟೊಪ್ಪಿಗೆ, ಉದ್ದ ಲಂಗ ಧರಿಸಿ ಬೀದಿಗಿಳಿಯುತ್ತಾರೆ. ಅದು ಚೆಂದದ ಹಬ್ಬ. ನಾನೂ ಸಂತೋಷದಿಂದ ಹೋಗಿದ್ದೇನೆ. ಆದರೆ ಹಬ್ಬದ ಉಡುಪನ್ನು ಮರುದಿನ ಮಡಿಸಿ ಇಡಲಾಗುತ್ತದೆ, ನನ್ನ ಕೋಟು ಮರುದಿನವೂ ಬಸ್ಸಿನಲ್ಲಿ ನೆನೆಯುತ್ತದೆ. ಇದನ್ನು ಹೊಲಿಸಿಕೊಂಡವರಿಗೂ ಅದು ದಿನಬಳಕೆಯ ಬಟ್ಟೆಯೇ ಆಗಿತ್ತು. ಹಳೆಯ ಛಾಯಾಚಿತ್ರಗಳಲ್ಲಿ ಆಲೂಗಡ್ಡೆ ಅಗೆಯುವ ಕೂಲಿಯವನೂ ಕೋಟು, ಒಳಕೋಟು, ಟೊಪ್ಪಿಗೆ ಧರಿಸಿ ನಿಂತಿರುವುದನ್ನು ಕಂಡಾಗ, ಕಚ್ಚೆಪಂಚೆಯ ಮೇಲೆ ಕರಿಕೋಟು ತೊಟ್ಟು ಸಂತೆಗೆ ಹೊರಡುತ್ತಿದ್ದ ನನ್ನ ಅಜ್ಜ ನೆನಪಾಗುತ್ತಾರೆ. ನಾಲ್ಕು ಜನರ ಎದುರಿಗೆ ಹೋಗುವಾಗ ನೆಟ್ಟಗೆ ಉಟ್ಟುಕೊಂಡು ಹೋಗುವುದು ಆ ಜನರಿಗೆ ಕೊಡುವ ಮರ್ಯಾದೆ ಎಂದು ಅವರು ನಂಬಿದ್ದರು. ಸಡಿಲವಾಗಿ ಉಡುವವರಲ್ಲಿ ಮರ್ಯಾದೆ ಇಲ್ಲವೆಂದು ನಾನು ಹೇಳುತ್ತಿಲ್ಲ; ನನ್ನ ಗಂಡ ವರ್ಷವಿಡೀ ಟೀ ಶರ್ಟಿನಲ್ಲೇ ಇರುತ್ತಾನೆ, ನನಗದು ಎಂದೂ ತಪ್ಪೆನಿಸಿಲ್ಲ.

ಇನ್ನು ಪರಂಪರೆಯ ಮಾತು. ಐರ್ಲೆಂಡಿನ ಉಡುಪೆಂದರೆ ಎಲ್ಲರೂ ಮೊದಲು ಹೇಳುವುದು ಪಶ್ಚಿಮ ಕಡಲಿನ ಆರನ್ ದ್ವೀಪಗಳ ಬೆಳ್ಳನೆಯ ಸ್ವೆಟರ್. ಹಗ್ಗದಂತೆ ಹೊಸೆದುಕೊಂಡ ಹೆಣಿಗೆ, ಜೇನುಗೂಡಿನ ಹೆಣಿಗೆ, ವಜ್ರಾಕಾರದ ಚೌಕಗಳು. ಒಂದೊಂದು ಮನೆತನಕ್ಕೂ ಒಂದೊಂದು ವಿನ್ಯಾಸವಿತ್ತೆಂದೂ, ಕಡಲಿನಲ್ಲಿ ಮುಳುಗಿ ದಡಕ್ಕೆ ಬಂದ ಮೀನುಗಾರನ ಶವವನ್ನು ಆ ವಿನ್ಯಾಸದಿಂದಲೇ ಗುರುತಿಸುತ್ತಿದ್ದರೆಂದೂ ಪ್ರವಾಸಿಗರಿಗೆ ಹೇಳುತ್ತಾರೆ. ನಾನೂ ಅದನ್ನು ನಂಬಿ, ಊರಿಗೆ ಹೋದಾಗ ಹತ್ತಾರು ಜನರಿಗೆ ಹೇಳಿದ್ದೆ. ಅದು ನಿಜವಲ್ಲ. ಆ ಕಥೆ ಒಂದು ನಾಟಕದಿಂದ ಹುಟ್ಟಿಕೊಂಡದ್ದು ಎನ್ನುತ್ತಾರೆ. ಜಾನ್ ಮಿಲಿಂಗ್ಟನ್ ಸಿಂಜ್ ಬರೆದು 1904ರಲ್ಲಿ ರಂಗಕ್ಕೆ ಬಂದ ‘ರೈಡರ್ಸ್ ಟು ದಿ ಸೀ’ ನಾಟಕದಲ್ಲಿ, ದೂರದ ಡನಿಗಾಲ್ ಕಡಲಲ್ಲಿ ಸಿಕ್ಕ ಶವದ ಕಾಲುಚೀಲವನ್ನು ಕೈಗೆತ್ತಿಕೊಂಡ ತಂಗಿ, ತಾನೇ ಹೆಣೆಯುವಾಗ ಬಿಟ್ಟಿದ್ದ ನಾಲ್ಕು ಹೊಲಿಗೆಗಳನ್ನು ಎಣಿಸಿ, ಅದು ಅಣ್ಣನದೇ ಎಂದು ಅರಿಯುತ್ತಾಳೆ. ಅಲ್ಲಿರುವುದು ಕಾಲುಚೀಲ, ಸ್ವೆಟರ್ ಅಲ್ಲ; ಮನೆತನದ ಲಾಂಛನವಲ್ಲ, ಒಬ್ಬ ಹುಡುಗಿಯ ಕೈತಪ್ಪು. 1936ರಲ್ಲಿ ಡಬ್ಲಿನ್ನಿನಲ್ಲಿ ಇಂಥದೊಂದು ಸ್ವೆಟರ್ ಕೊಂಡ, ಆಕ್ಸ್‌ಫರ್ಡಿನಲ್ಲಿ ನೂಲಿನ ಅಂಗಡಿ ಇಟ್ಟಿದ್ದ ಹೈಂಜ್ ಎಡ್ಗರ್ ಕೀವ ಎಂಬವರು ಅದರ ಹೆಣಿಗೆಗೆ ಪುರಾತನ ಧಾರ್ಮಿಕ ಅರ್ಥಗಳನ್ನು ಆರೋಪಿಸಿ ಬರೆದರು. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಹಾಡುತ್ತಿದ್ದ ಕ್ಲ್ಯಾನ್ಸಿ ಸಹೋದರರು, ಅಲ್ಲಿನ ಚಳಿಗೆಂದು ತಾಯಿ ಕಳಿಸಿದ ಆ ಸ್ವೆಟರುಗಳನ್ನೇ ತೊಟ್ಟು ವೇದಿಕೆ ಏರಿದ ಮೇಲೆ ಅದು ಜಗತ್ತಿಗೇ ಐರ್ಲೆಂಡಿನ ಗುರುತಾಯಿತು. ವಾಸ್ತವದಲ್ಲಿ ಈ ಶೈಲಿ 20ನೇ ಶತಮಾನದ ಆರಂಭದ್ದು.

ಇದು ತಿಳಿದಾಗ ಮೊದಲು ಮೋಸಹೋದಂತೆ ಅನ್ನಿಸಿದ್ದು ನಿಜ. ಆಮೇಲೆ ಯೋಚಿಸಿದಾಗ, ಕಟ್ಟುಕತೆ ಉದುರಿಹೋದರೂ ಕೈಯಲ್ಲಿದ್ದ ಸ್ವೆಟರಿನ ಒಂದು ಎಳೆಯೂ ಸಡಿಲವಾಗಿರಲಿಲ್ಲ. ದ್ವೀಪದ ಹೆಂಗಸರು ಒಬ್ಬರಿಂದೊಬ್ಬರು ನೋಡಿ ಕಲಿತು, ಬೆಳೆಸಿ, ಮಾರಿ ಸಂಸಾರಕ್ಕೆ ನಾಲ್ಕು ಕಾಸು ತಂದ ವಿದ್ಯೆ ಅದು. ಪರಂಪರೆಗೆ ಸಾವಿರ ವರ್ಷ ತುಂಬಿರಲೇಬೇಕೆಂಬ ಹಟ ನಮ್ಮದೇ ಹೊರತು ಅದನ್ನು ಹೆಣೆದವರದಲ್ಲ.

ಕಾಲರಿನ ವಿಷಯ ಹೇಳುವಾಗ ಮಾತ್ರ ನನಗೆ ಗಂಟಲು ಕಟ್ಟುತ್ತದೆ. 1845ರಿಂದ 1852ರವರೆಗೆ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಮಹಾಕ್ಷಾಮ ಬಂದಾಗ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. 1847ರಲ್ಲಿ ಮೊನಾಹನ್ ಜಿಲ್ಲೆಯ ಕ್ಲೋನ್ಸ್ ಊರಿನಲ್ಲಿ ಅಲ್ಲಿನ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್, ಹಸಿದ ಮನೆಗಳ ಹೆಂಗಸರಿಗೆ ಕ್ರೋಶಾ ಕಸೂತಿ ಕಲಿಸುವ ವ್ಯವಸ್ಥೆ ಮಾಡಿದರು. ಬೇಕಾದದ್ದು ಹತ್ತಿಯ ದಾರ ಮತ್ತು ಒಂದು ಕೊಕ್ಕೆ. ಕೊಕ್ಕೆಯನ್ನೂ ಸೂಜಿಯ ಕಣ್ಣನ್ನು ಅರದಿಂದ ಉಜ್ಜಿ, ಮರದ ಹಿಡಿಗೆ ಸಿಕ್ಕಿಸಿ ಮಾಡಿಕೊಳ್ಳಬಹುದಾಗಿತ್ತು. ಒಬ್ಬಳು ಗುಲಾಬಿ ಹೆಣೆದರೆ ಇನ್ನೊಬ್ಬಳು ಎಲೆ, ಮತ್ತೊಬ್ಬಳು ದ್ರಾಕ್ಷಿ ಗೊಂಚಲು; ಕೊನೆಗೆ ಒಬ್ಬಳು ಎಲ್ಲವನ್ನೂ ಕೂಡಿಸಿ, ನಡುವಿನ ಜಾಲವನ್ನು ಕ್ಲೋನ್ಸ್ ಗಂಟು ಎಂದೇ ಹೆಸರಾದ ಉರುಟು ಗಂಟುಗಳಿಂದ ತುಂಬುತ್ತಿದ್ದಳು. ಆ ಕಸೂತಿ ಸಿರಿವಂತರ ಕುತ್ತಿಗೆ ಸೇರುತ್ತಿತ್ತು. ಹೆಣೆದವಳಿಗೆ ಸಿಗುತ್ತಿದ್ದದ್ದು ಮನೆಯವರ ಹೊಟ್ಟೆಗಿಷ್ಟು ಹಿಟ್ಟು, ಇಲ್ಲವೇ ಹಡಗಿನ ಟಿಕೆಟ್ಟಿಗೆ ಸೇರಿಸಿಡುವ ಹಣ.

ನನ್ನ ಕಾಲರ್ ಅಷ್ಟು ಹಳೆಯದಲ್ಲ, ಅತ್ತೆಯ ಚಿಕ್ಕಮ್ಮ ಹೆಣೆದದ್ದು. ಆದರೆ ಗಂಟು ಅದೇ. ಅದನ್ನು ಬಿಡಿಸಿ ಕಲಿಸಿಕೊಡುವಾಗ ಅತ್ತೆ ಕೊಕ್ಕೆಯ ಮೇಲೆ ದಾರವನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಹತ್ತಾರು ಸಲ ಸುತ್ತಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಎಲ್ಲ ಸುತ್ತುಗಳೊಳಗಿಂದ ಒಂದೇ ಎಳೆತಕ್ಕೆ ದಾರವನ್ನು ಹೊರತೆಗೆದರು. ಕಾಳುಮೆಣಸಿನಂಥ ಗಂಟೊಂದು ಕುಳಿತುಕೊಂಡಿತು. ನನ್ನ ಕೈಗೆ ಆ ಎಳೆತ ಒಲಿಯಲು ಎರಡು ಚಳಿಗಾಲ ಬೇಕಾಯಿತು. ಒಂದು ಗಂಟಿನ ಕಷ್ಟ ಗೊತ್ತಾದವರಿಗೆ, ಅಂಥ ನೂರಾರು ಗಂಟುಗಳಿರುವ ಕಾಲರನ್ನು ಡಾಂಬರು ಗುಳಿಗೆಯ ಜೊತೆ ಪೆಟ್ಟಿಗೆಯಲ್ಲಿ ಮುಚ್ಚಿಡಲು ಮನಸ್ಸಾಗುವುದಿಲ್ಲ. ಮಾಡಿದವರು ತಾವು ತೊಡಲಾಗದೆ ಮಾರಿದ ವಸ್ತುವನ್ನು ಈ ಮನೆಯ ಹೆಂಗಸೊಬ್ಬಳು ಸೋಮವಾರದ ಬೆಳಿಗ್ಗೆ ಕೆಲಸಕ್ಕೆ ತೊಟ್ಟು ಹೋಗಬೇಕು. ನನ್ನ ಉತ್ತರದ ತಿರುಳು ಇಷ್ಟೇ.

ಇದೇ ಬಡವರ ಬಟ್ಟೆಯನ್ನು ತಲೆಯೆತ್ತಿ ನಡೆಯುವಂತೆ ಮಾಡಿದವರಲ್ಲಿ ಡಬ್ಲಿನ್ನಿನ ವಿನ್ಯಾಸಕಿ ಸಿಬಿಲ್ ಕಾನಲಿ ಒಬ್ಬರು. ಪಶ್ಚಿಮ ಐರ್ಲೆಂಡಿನ ಕಾನಮಾರಾದ ಹಳ್ಳಿಗಳ ಹೆಂಗಸರು ಉಡುತ್ತಿದ್ದ ಕೆಂಪು ಫ್ಲಾನೆಲ್ ಲಂಗದ ಬಟ್ಟೆಯಿಂದ ಅವರು ಸಂಜೆಯ ಉಡುಪು ಹೊಲಿಸಿದರು. ಕೈವಸ್ತ್ರದಷ್ಟು ತೆಳುವಾದ ಲಿನನ್ ಒಂಬತ್ತು ಗಜವನ್ನು ನೆರಿಗೆ ಹಿಡಿದು ಒಂದೇ ಗಜಕ್ಕೆ ಇಳಿಸಿದರು. 1953ರ ಆಗಸ್ಟಿನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಮುಖಪುಟಕ್ಕೆ ಅವರ ಉಡುಪು ಬಂತು. ಶ್ವೇತಭವನದಲ್ಲಿರುವ ಜಾಕ್ವೆಲಿನ್ ಕೆನೆಡಿಯವರ ಅಧಿಕೃತ ಭಾವಚಿತ್ರದಲ್ಲಿರುವುದೂ ಕಾನಲಿಯವರದೇ ಉಡುಪು.

ಬಟ್ಟೆಯ ಮಾತು ಈ ದೇಶದಲ್ಲಿ ಬರಿಯ ಅಂದಚಂದದ ಮಾತಾಗಿರಲಿಲ್ಲ ಎಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಐರ್ಲೆಂಡಿನ ಉಣ್ಣೆಬಟ್ಟೆ ಹೊರದೇಶಗಳಿಗೆ ಹೋಗದಂತೆ ಇಂಗ್ಲೆಂಡಿನ ಪಾರ್ಲಿಮೆಂಟು 1699ರಲ್ಲೇ ಕಾಯಿದೆ ಮಾಡಿತ್ತು. ಐರ್ಲೆಂಡಿನ ಜನ ತಮ್ಮ ನೆಲದಲ್ಲಿ ತಯಾರಾದುದನ್ನೇ ತೊಡಬೇಕು ಎಂದು ಜೊನಾಥನ್ ಸ್ವಿಫ್ಟ್ 1720ರಲ್ಲಿ ಕಿರುಹೊತ್ತಗೆ ಬರೆದರೆ, ಅದನ್ನು ಅಚ್ಚು ಹಾಕಿದ ಮುದ್ರಕನ ಮೇಲೆ ಮೊಕದ್ದಮೆ ಹೂಡಲಾಯಿತು. ಸ್ವದೇಶಿ ಎಂಬ ಪದ ನಮ್ಮಲ್ಲಿ ಮೊಳಗುವುದಕ್ಕೆ ಸುಮಾರು ಎರಡು ಶತಮಾನ ಮೊದಲಿನ ಸಂಗತಿ ಇದು. ಆ ಭಾವನೆಯೊಂದಿಗೇ ಬೆಳೆದ ಬೆಲ್‌ಫಾಸ್ಟಿನ ಕವಿ ಜೇಮ್ಸ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿನಲ್ಲಿ ಅವರನ್ನು ಕಾಣಲು, ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ಮಲೆನಾಡಿನ ವಿದ್ಯಾರ್ಥಿಯೊಬ್ಬ ಹೋದ. ಮೈಮೇಲಿರುವುದು ಖಾದಿ, ಬರವಣಿಗೆ ಮಾತ್ರ ಪರಭಾಷೆಯದು ಎಂಬುದನ್ನು ಕಸಿನ್ಸ್ ಗುರುತಿಸಿ, ನಿನ್ನ ನುಡಿಯಲ್ಲೇ ಬರೆ ಎಂದು ತಿಳಿಹೇಳಿದರು. ಆ ವಿದ್ಯಾರ್ಥಿ ಕುವೆಂಪು. ಒಬ್ಬ ಐರಿಷ್ ಮನುಷ್ಯ ಕನ್ನಡದ ಹುಡುಗನ ಉಡುಪನ್ನು ಗಮನವಿಟ್ಟು ನೋಡಿದ್ದರಿಂದ ಕನ್ನಡಕ್ಕೆ ಏನು ದಕ್ಕಿತೆಂಬುದು ಎಲ್ಲರಿಗೂ ಗೊತ್ತು. “ನೀವೇನು ಐರಿಷ್‌ನವರಾ?” ಎಂದು ಕೇಳುವ ತಮ್ಮತಂಗಿಯರಿಗೆ ನಾನು ಈ ಪ್ರಸಂಗವನ್ನೇ ಹೇಳುತ್ತೇನೆ. ರಕ್ತದಿಂದ ನಾನು ಇಲ್ಲಿಯವಳಲ್ಲ, ಆದರೆ ಸೊಸೆಯಾಗಿ ಬಂದವಳಿಗೆ ಮನೆಯ ಬೀಗದಕೈ ಕೊಡುವ ಪದ್ಧತಿ ನಮ್ಮಲ್ಲೂ ಇದೆ. ನನಗೆ ಬೀರುವಿನ ಬೀಗದಕೈ ಸಿಕ್ಕಿತು.

ಹಳೆಯ ಉಣ್ಣೆಯನ್ನು ತೊಡಲು ಬಯಸುವವರಿಗೆ ಒಂದೆರಡು ಮಾತು. ಪದೇಪದೇ ಒಗೆಯಬೇಡಿ, ಗಾಳಿಗೆ ಹಾಕಿ, ಬ್ರಷ್ಷಿನಿಂದ ಉಜ್ಜಿ, ನೆನೆದರೆ ಒಲೆಯಿಂದ ದೂರ ತೂಗುಹಾಕಿ. ನುಸಿ ತಿನ್ನುವುದು ಮಡಿಸಿಟ್ಟು ಮರೆತ ಬಟ್ಟೆಯನ್ನು, ದಿನವೂ ಕೊಡವಿ ತೊಡುವುದನ್ನಲ್ಲ. ಹರಿದಲ್ಲಿ ಅಂದೇ ರಫೂ ಮಾಡಿ. ನನ್ನ ಕೋಟಿನ ಎಡಮೊಣಕೈಯಲ್ಲಿ ಮೂರು ಕೈಗಳ ರಫೂ ಇದೆ: ಅತ್ತೆಯ ತಾಯಿಯದು ಕಂದು ನೂಲು, ಅತ್ತೆಯದು ಬೂದು, ನನ್ನದು ಡಬ್ಲಿನ್ನಿನಲ್ಲಿ ಸಿಕ್ಕಿದ, ಸ್ವಲ್ಪ ಹೆಚ್ಚೇ ನೀಲಿಯಾದ ನೂಲು.

ಕಳೆದ ಬೇಸಿಗೆಯಲ್ಲಿ ಡನಿಗಾಲ್‌ನ ಅರ್ದರಾ ಪಟ್ಟಣಕ್ಕೆ ಹೋಗಿದ್ದಾಗ, ಮಗ್ಗದ ಮುಂದೆ ಕುಳಿತಿದ್ದ ಹಿರಿಯ ನೇಕಾರರೊಬ್ಬರು ನನ್ನನ್ನು ಕಂಡು ಲಾಳಿ ನಿಲ್ಲಿಸಿದರು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಕೇಳದೆ ಇದ್ದವರು ಅವರೊಬ್ಬರೇ. ತೋಳಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿರುವಿ ಒಳಮೈ ನೋಡಿದರು, ಮೊಣಕೈಯ ಮೂರು ಬಣ್ಣಗಳ ಮೇಲೆ ಬೆರಳಾಡಿಸಿದರು, ನೀಲಿಯದು ಯಾರ ಕೆಲಸ ಎಂದರು. ನನ್ನದು ಎಂದೆ. ಅವರು ಎದ್ದು ಒಳಗೆ ಹೋಗಿ, ಕೋಟಿನ ಬಣ್ಣಕ್ಕೆ ಸರಿಹೊಂದುವ ಬೂದು ನೂಲನ್ನು ಪುಟ್ಟ ರಟ್ಟಿನ ಸುರುಳಿಗೆ ಸುತ್ತಿ ತಂದು ನನ್ನ ಅಂಗೈಯಲ್ಲಿಟ್ಟು ಹೇಳಿದರು: “ಬಲಗೈಗೆ ಇಟ್ಟುಕೋ ಮಗಳೇ, ಇನ್ನು ಸವೆಯುವುದು ಅದೇ.”